ನೀರುಳ್ಳಿ ಹಿಡಿದವಳ ಎರಡು ಪ್ಲೇಟುಗಳು

ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ಸ್ವರ ಹೋಯಿತು. ಪೂರ್ತಿ ಹೋಗಲಿಲ್ಲ, ಒಡೆದು ದಪ್ಪವಾಯಿತು. ನಾನು ಕುವೈತಿನ ಅಬ್ಬಾಸಿಯಾದ ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುವವಳು, ದಿನವಿಡೀ ಫೋನ್ ಎತ್ತುವುದೇ ಕೆಲಸ. ಆಚೆಯವರು "ಭಾಯಿ, ಡಾಕ್ಟರ್ ಇದ್ದಾರಾ?" ಎಂದು ಕೇಳತೊಡಗಿದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸಾಕಾಗಿ ಭಾಯಿಯಾಗಿಯೇ ಟೋಕನ್ ಕೊಟ್ಟು ಫೋನ್ ಇಡುತ್ತಿದ್ದೆ.

ಇಗರ್ಜಿಯ ಗಾಯನ ಮಂಡಳಿಯನ್ನು ನಾನೇ ಬಿಟ್ಟೆ. ಯಾರೂ ಹೋಗು ಅನ್ನಲಿಲ್ಲ. ಆದರೆ ನಾನು ಬಾಯಿ ತೆರೆದ ಕೂಡಲೇ ಪಕ್ಕದವರು ಪುಸ್ತಕದಲ್ಲಿ ಏನೋ ಹುಡುಕುವವರ ಹಾಗೆ ತಲೆ ತಗ್ಗಿಸುತ್ತಿದ್ದರು. ಬೈದರೆ ತಡೆದುಕೊಳ್ಳುತ್ತೇನೆ, ಅಯ್ಯೋ ಪಾಪ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ವರ್ಷವೇ ಮಗಳ ಮದುವೆ ಗೊತ್ತಾಯಿತು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಕೂರಿಸಿ, ಹಣೆಗೆ ಎಣ್ಣೆಯ ಶಿಲುಬೆ ಎಳೆದು, ತಲೆಗೆ ತೆಂಗಿನ ಹಾಲು ಹೊಯ್ಯುತ್ತೇವೆ. ಆಗ ಒಬ್ಬ ಹೆಂಗಸು ವೊವಿಯೊ ಹೇಳಬೇಕು, ಎಂದರೆ ಮದುವೆಯ ಹಾಡು. ಅವಳು ಒಂದು ಸಾಲು ಎಳೆದು ಹೇಳಿದರೆ ಉಳಿದವರೆಲ್ಲ ಅದನ್ನೇ ತಿರುಗಿ ಹೇಳುವುದು. ಊರಲ್ಲಿ ನಮ್ಮ ವಾಡೆಗೆಲ್ಲ, ಎಂದರೆ ಕೇರಿಗೆಲ್ಲ, ನನ್ನ ತಾಯಿ ಹೇಳುತ್ತಿದ್ದಳು. ಅವಳ ನಂತರ ಇಪ್ಪತ್ತು ವರ್ಷ ಕುವೈತಿನ ಎಷ್ಟೋ ಮದುಮಕ್ಕಳಿಗೆ ನಾನು ಹೇಳಿದ್ದೇನೆ. ಈಗ ನನ್ನ ಮಗಳ ಸರದಿ ಬರುವಾಗ ಗಂಟಲಿಲ್ಲ.

"ಮಮ್ಮಿ, ಯು ಡೋಂಟ್ ಸ್ಟ್ರೆಸ್. ಡಿಜೆ ಹ್ಯಾಸ್ ದಿ ವೊವಿಯೊ ರೆಕಾರ್ಡಿಂಗ್," ಎಂದಳು ಮಗಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಆ ದಿನಗಳಲ್ಲೇ ನನ್ನ ಗಂಡ ಅಹ್ಮದಿಯಿಂದ ಒಂದು ರೆಕಾರ್ಡ್ ಪ್ಲೇಯರ್ ಹೊತ್ತು ತಂದರು. ಅಲ್ಲಿ ಅವರ ಆಫೀಸಿನ ಫ್ರೆಂಚ್ ಎಂಜಿನಿಯರ್ ಕೆಲಸ ಮುಗಿಸಿ ದೇಶಕ್ಕೆ ಹೊರಟಿದ್ದ. ಇಲ್ಲಿ ಊರಿಗೆ ಹೊರಟವರ ಸಾಮಾನು ಉಳಿದವರ ಮನೆ ಸೇರುವುದು ವಾಡಿಕೆ. ನಮ್ಮ ಫ್ರಿಜ್ಜು ಒಬ್ಬ ಗೋವಾದವನದು, ಸೋಫಾ ಒಂದು ಈಜಿಪ್ಟಿನ ಸಂಸಾರದ್ದು. ಪ್ಲೇಯರ್ ಜೊತೆ ಎರಡು ಹೊಸ ಪ್ಲೇಟುಗಳೂ ಬಂದಿದ್ದವು.

"ಇದನ್ನು ಎಂತ ಮಾಡುದು?" ಎಂದು ಕೇಳಿದೆ.

"ಕೇಳು ಮಾರಾಯ್ತಿ. ಅವನ ಹೆಂಡತಿ ನಿನಗೇ ಅಂತ ಕೊಟ್ಟದ್ದು."

ಮೊದಲ ಪ್ಲೇಟಿನ ಹೊದಿಕೆಯ ಮೇಲೆ ಉದ್ದ ಕಪ್ಪು ಗೌನಿನ ಹೆಂಗಸು. ಒಂದು ಕೈಗೆ ಮೊಣಕೈವರೆಗೆ ಗ್ಲೌಸ್, ಇನ್ನೊಂದು ಕೈಯಲ್ಲಿ ಸುಲಿದ ನೀರುಳ್ಳಿ. ಎರಡನೆಯದರಲ್ಲೂ ಅವಳೇ, ಆದರೆ ನೀರುಳ್ಳಿ ಇಲ್ಲ, ಮೇಜಿನ ಮೇಲೆ ಬರೀ ಸಿಪ್ಪೆ. ಹುಚ್ಚಿಯೇ ಸರಿ ಅಂದುಕೊಂಡು ಮುಳ್ಳು ಇಟ್ಟೆ.

ನನಗೆ ಫ್ರೆಂಚ್ ಒಂದಕ್ಷರ ಬಾರದು. ಹಿಂದೆ ಮಷೀನಿನ ತಾಳ ಟಕ್ ಟಕ್ ಎನ್ನುತ್ತಿತ್ತು, ಕೀಬೋರ್ಡು ಒಂದೇ ಸ್ವರ ಹಿಡಿದು ಕೂತಿತ್ತು. ಅದರ ಮೇಲೆ ಅವಳು ಬಂದಳು. ದಪ್ಪ ಸ್ವರ, ಒಡಕು ಸ್ವರ, ನನ್ನ ಸ್ವರ. ಬಿಟ್ಟು ಹೋದವನಿಗೆ ಹಾಡುತ್ತಿದ್ದಾಳೆ ಎಂದು ತಿಳಿಯಲು ಭಾಷೆ ಬೇಕಾಗಲಿಲ್ಲ. ನಡುವೆ ನಿಲ್ಲಿಸಿ ನಗುತ್ತಿದ್ದಳು. ಹಾಡಬೇಕಾದ ಸಾಲನ್ನು ಪಕ್ಕದಲ್ಲಿ ಕೂತು ಹೇಳುವವಳ ಹಾಗೆ ಬರೇ ಮಾತಿನಲ್ಲಿ ಹೇಳುತ್ತಿದ್ದಳು. ಯಾರ ಮರ್ಜಿಯನ್ನೂ ಕಾಯುತ್ತಿರಲಿಲ್ಲ. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಕ್ಲಿನಿಕ್ಕಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಪ್ಲೇಟು ಹಾಕುತ್ತಿದ್ದೆ. ಎರಡನೆಯ ಪ್ಲೇಟೂ ಹಾಗೆಯೇ ಇತ್ತು. ಒಂದೇ ಬೇಸರ, ಮೊದಲನೆಯದರ ಆರಂಭದ ಹಾಡನ್ನೇ ಎರಡನೆಯದರ ಕೊನೆಗೂ ಹಾಡಿದ್ದಳು. ಹಾಡಿಗೆ ಬರಗಾಲ ಬಂದಿತ್ತಾ ಇವಳಿಗೆ?

ಪಕ್ಕದ ಫ್ಲ್ಯಾಟಿನ ಬ್ಯಾರಿ ಅಕ್ಕ ಒಂದು ದಿನ ಬಾಗಿಲು ತಟ್ಟಿ, "ನಿಮ್ಮಲ್ಲಿ ಯಾರಿಗಾದ್ರೂ ಹುಷಾರಿಲ್ವಾ ಮಾರಾಯ್ರೆ? ದಿನಾ ನರಳುದು ಕೇಳ್ತದೆ," ಎಂದು ವಿಚಾರಿಸಿದರು. ಕೂರಿಸಿ ಕೇಳಿಸಿದೆ. ಐದು ನಿಮಿಷ ಕೇಳಿ, "ಪಾಪ, ತುಂಬ ಬೇಜಾರುಂಟು ಅವಳಿಗೆ," ಎಂದು ಎದ್ದು ಹೋದರು.

ಎರಡು ವಾರ ಕೇಳಿದ ಮೇಲೆ ನನಗೆ ಧೈರ್ಯ ಬಂತು. ಊಟಕ್ಕೆ ಕೂತಾಗ, "ಡಿಜೆಗೆ ಬೇಡ ಹೇಳು. ವೊವಿಯೊ ನಾನೇ ಹೇಳುದು," ಎಂದೆ. ಗಂಡ ಮಗಳ ಮುಖ ನೋಡಿದರು, ಮಗಳು ತಟ್ಟೆ ನೋಡಿದಳು.

ಆ ಎಂಜಿನಿಯರನ ಹೆಂಡತಿ ದೇಶಕ್ಕೆ ಹೊರಡುವ ಮೊದಲು ವಿದಾಯ ಹೇಳಲು ಬಂದಳು. ಚಾ ಕೊಟ್ಟು, ಜಂಬದಿಂದ ಮೊದಲ ಪ್ಲೇಟು ಹಾಕಿದೆ. ಅವಳು ಕಪ್ಪು ಕೆಳಗಿಟ್ಟು ನಗತೊಡಗಿದಳು. ಕಣ್ಣೊರೆಸಿಕೊಂಡು ಎದ್ದು ಪ್ಲೇಯರಿನ ವೇಗದ ಗುಂಡಿಯನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನಿಂದ ನಲವತ್ತೈದಕ್ಕೆ ತಿರುಗಿಸಿದಳು. ಪ್ಲೇಟು ಸರಸರನೆ ತಿರುಗಿತು. ಒಳಗಿಂದ ಒಬ್ಬ ಚಿಕ್ಕ ಹುಡುಗಿಯ ಸ್ವರ ಬಂತು, ತೆಳ್ಳಗೆ, ಎತ್ತರಕ್ಕೆ, ಎಲ್ಲೂ ಒಡಕಿಲ್ಲದ ಸ್ವರ.

"ಇದು ಹಳೆಯ ಪ್ಲೇಟು, ಈ ಸಲ ಮತ್ತೆ ಅಚ್ಚು ಹಾಕುವಾಗ ಇದನ್ನು ನಲವತ್ತೈದರಲ್ಲಿ ಮಾಡಿದ್ದಾರೆ," ಎಂದಳು ಅವಳು ಇಂಗ್ಲಿಷಿನಲ್ಲಿ. ಲೇಬಲಿನ ಅಂಚಿನಲ್ಲಿ ಸಣ್ಣದಾಗಿ ಬರೆದೂ ಇತ್ತು. ನಾನು ನೋಡಿರಲಿಲ್ಲ.

ಮರ್ಯಾದೆ ಹೋದ ಹಾಗಾಯಿತು. ನಾನು ನಂಬಿ ಕೂತವಳು ಇರಲೇ ಇಲ್ಲ, ನನ್ನ ಸ್ವರ ಅಂದುಕೊಂಡದ್ದು ಮಷೀನಿನ ತಪ್ಪು. ಎಂಜಿನಿಯರನ ಹೆಂಡತಿಯ ಎದುರೇ ಮಗಳನ್ನು ಕರೆದು, "ರೆಕಾರ್ಡಿಂಗೇ ಇರಲಿ," ಎಂದೆ. ಮಗಳು ಏನೂ ಕೇಳದೆ "ಓಕೆ ಮಮ್ಮಿ" ಅಂದಳು. ಅದು ಇನ್ನೂ ನೋಯಿಸಿತು.

ಕೆಟ್ಟ ಕೋಪದಲ್ಲಿ ಎರಡನೆಯ ಪ್ಲೇಟನ್ನೂ ನಲವತ್ತೈದರಲ್ಲಿ ಹಾಕಿದೆ. ಬೆಕ್ಕು ಕಿರುಚಿದಂತಾಯಿತು.

"ಅಲ್ಲ ಅಲ್ಲ, ಅದು ಮೂವತ್ತಮೂರರದ್ದೇ," ಎಂದು ಅವಳು ಗುಂಡಿ ತಿರುಗಿಸಿದಳು. ಮತ್ತೆ ಅದೇ ದಪ್ಪ ಒಡಕು ಸ್ವರ ಬಂತು.

"ಹಾಗಾದರೆ ಇದು?"

"ಇದು ಅವಳದೇ ಸ್ವರ."

ಆಮೇಲೆ ಅವಳು ಹೇಳಿದ್ದು ಇಷ್ಟು. ಗಾಯಕಿ ಒಂದು ಸಣ್ಣ ಕ್ಯಾಬರೆಯಲ್ಲಿ ಹಾಡುತ್ತಿದ್ದಳಂತೆ. ಹಾಡಿಗೆ ಮೊದಲು ವೇದಿಕೆಯಲ್ಲೇ ನೀರುಳ್ಳಿ ಹೆಚ್ಚಿ, "ಅಳುವವರು ಈಗಲೇ ಅತ್ತು ಮುಗಿಸಿ, ಆಮೇಲೆ ಹಾಡು ಕೇಳಿ," ಎನ್ನುತ್ತಿದ್ದಳಂತೆ. ಮೊದಲ ಪ್ಲೇಟು ಬಂದ ಮೇಲೆ ಗಂಟಲು ಕೆಟ್ಟಿತು, ಡಾಕ್ಟರು ಕೊಯ್ದರು. ಕೆಲವು ವರ್ಷ ಸುದ್ದಿಯೇ ಇರಲಿಲ್ಲ. ಆಮೇಲೆ ಉಳಿದ ಸ್ವರದಲ್ಲೇ ಎರಡನೆಯದನ್ನು ಹಾಡಿದಳು, ಹಳೆಯ ಹಾಡೊಂದನ್ನು ಬೇಕೆಂದೇ ಸೇರಿಸಿ. ಆಗ ಯಾರೂ ಕೊಳ್ಳಲಿಲ್ಲ. ಈಗ ಎರಡನ್ನೂ ಒಟ್ಟಿಗೆ ಮತ್ತೆ ತಂದಿದ್ದಾರೆ.

ಎಂಜಿನಿಯರನ ಹೆಂಡತಿ ಹೋದ ಮೇಲೆ ನಾನು ಎರಡರಲ್ಲೂ ಇದ್ದ ಆ ಒಂದು ಹಾಡನ್ನು ಸರಿಯಾದ ವೇಗದಲ್ಲಿ ಎರಡೂ ಪ್ಲೇಟಿನಿಂದ ಕೇಳಿದೆ. ಮೊದಲನೆಯದು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಎರಡನೆಯದರಲ್ಲಿ ಅವಳು ಹಾಡನ್ನು ಕೆಳಗಿಳಿಸಿಕೊಂಡಿದ್ದಳು. ಮೊದಲು ಮೋಜಿಗೆ ಮಾಡುತ್ತಿದ್ದ ಹಾಗೆಯೇ, ಈಗ ಮುಟ್ಟಲಾಗದ ಸಾಲು ಬಂದಾಗ ಮಾತಿನಲ್ಲಿ ಹೇಳಿ, ನಕ್ಕು, ಮುಂದೆ ಹೋಗಿದ್ದಳು. ತಪ್ಪು ವೇಗದಲ್ಲಿ ಕೇಳಿ ಕೇಳಿ, ಅವಳು ಕಳೆದುಕೊಂಡದ್ದೇ ನನಗೆ ಗೊತ್ತಾಗಿರಲಿಲ್ಲ. ನಾನು ಕೂತು ಚೆನ್ನಾಗಿ ಅತ್ತೆ. ಮಗಳಿಗೆ ಮಾತ್ರ ಏನೂ ಹೇಳಲಿಲ್ಲ, ಎರಡು ಸಲ ಮಾತು ಬದಲಿಸಿದವಳು ಮೂರನೆಯ ಸಲ ಯಾವ ಬಾಯಲ್ಲಿ ಹೇಳಲಿ?

ರೋಸಿನ ಸಂಜೆ ಬ್ಯಾರಿ ಅಕ್ಕ ಸಭಾಂಗಣಕ್ಕೆ ಎರಡು ಪಾತ್ರೆ ತುಂಬ ತಾಜಾ ತೆಂಗಿನ ಹಾಲು ತಂದರು. "ಡಬ್ಬಿ ಹಾಲು ತಲೆಗೆ ಹೊಯ್ಯುದಾ? ಎಂತ ಗ್ರಾಚಾರ," ಎಂದು ತಾವೇ ಕಾಯಿ ತುರಿದು ಹಿಂಡಿದ್ದರು. ಮಗಳು ಮಣೆಯ ಮೇಲೆ ಕೂತಳು. ಡಿಜೆ ಮೈಕಿನ ಹತ್ತಿರ ಫೋನ್ ಹಿಡಿದು ನಿಂತಿದ್ದ.

ಅವನು ಬೆರಳು ಇಡುವ ಮೊದಲು ನಾನು ಶುರು ಮಾಡಿದೆ. ತೀರ ಕೆಳಗೆ ಹಿಡಿದೆ, ತೀರ ನಿಧಾನವಾಗಿ. ಹೆಂಗಸರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಸಾಲು ತಿರುಗಿ ಹೇಳಿದರು. ಮೂರನೆಯ ಪದ್ಯಕ್ಕೆ ಸ್ವರ ಕೈಕೊಟ್ಟಿತು. ಗಾಯನ ಮಂಡಳಿಯವರು ಹಿಂದಿನ ಹಾಗೆಯೇ ತಲೆ ತಗ್ಗಿಸುವುದು ಕಂಡಿತು. ನಾನು ಆ ಸಾಲನ್ನು ಮಗಳ ಕಿವಿಯ ಹತ್ತಿರ ಬಗ್ಗಿ ಬರೇ ಮಾತಿನಲ್ಲಿ ಹೇಳಿದೆ.

ಯಾರೂ ತಿರುಗಿ ಹೇಳಲಿಲ್ಲ, ಅದು ಹಾಡೋ ಮಾತೋ ಅವರಿಗೆ ತಿಳಿಯಲಿಲ್ಲ. ಹಿಂದಿನಿಂದ ಡಿಜೆ ಮೆಲ್ಲನೆ, "ಆಂಟಿ, ರೆಕಾರ್ಡಿಂಗ್ ಹಾಕ್ಲಾ?" ಎಂದ.

ಮಗಳ ಕಣ್ಣು ಮುಚ್ಚಿತ್ತು, ತೆಂಗಿನ ಹಾಲು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಮನೆಯಲ್ಲಿ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅವಳು ಒದ್ದೆ ಕೈಯನ್ನು ಅವನ ಕಡೆಗೆ ಅಡ್ಡ ಹಿಡಿದು, ನಾನು ಹೇಳಿದ ಸಾಲನ್ನು ನನ್ನ ಹಾಗೆಯೇ ಮಾತಿನಲ್ಲಿ, ಕೊಂಕಣಿಯಲ್ಲಿ, ಒಂದಕ್ಷರ ತಪ್ಪದೆ ತಿರುಗಿ ಹೇಳಿದಳು.