ಎಮ್ಮೆಗೆ ದಕ್ಕಿದ ಆಫ್ರಿಕಾದ ಮನೆ

ಇವತ್ತು ಬೆಳಿಗ್ಗೆ ತಿ. ನರಸೀಪುರದ ಕಡೆಯ ಯುವಕನೊಬ್ಬ ತಂದೆಯನ್ನು ಕರೆದುಕೊಂಡು ನಂಜನಗೂಡಿನ ನನ್ನ ಆಫೀಸಿಗೆ ಬಂದ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, ‘ಇಂಥದ್ದೇ ಬೇಕು ಸಾರ್’ ಎಂದ. ಪಶ್ಚಿಮ ಆಫ್ರಿಕಾದ ದುಂಡನೆಯ ಮಣ್ಣಿನ ಮನೆ. ನೋಡಿದ್ದೇ ನನಗೆ ನಗು ಬಂತು. ಕಾರಣವಿದೆ, ಕೇಳಿ.

ತೊಂಬತ್ತರ ದಶಕದಲ್ಲಿ ನಾನು ಮನೆಗಳ ಪ್ಲಾನ್ ಬರೆಯಲು ಆಗತಾನೇ ಕಲಿತಿದ್ದೆ. ಅರ್ಧ ಕಲಿತವನ ಹುರುಪು ಎಂಥದ್ದೆಂದು ನಿಮಗೆ ಗೊತ್ತಲ್ಲ. ಲೈಬ್ರರಿಯ ಪುಸ್ತಕವೊಂದರಲ್ಲಿ ಅಂಥ ಮನೆಗಳನ್ನು ಕಂಡು ಮರುಳಾಗಿದ್ದೆ. ಬಿಸಿಲು ಒಳಗಿಳಿಯದಷ್ಟು ದಪ್ಪ ಗೋಡೆ, ಬಿಸಿಗಾಳಿ ಹೊರಹೋಗಲು ಸೂರಿನ ಕೆಳಗೆ ಕಿಂಡಿ, ಮೇಲೆ ಹುಲ್ಲಿನ ಹೊದಿಕೆ. ನಮ್ಮ ಏಪ್ರಿಲ್ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಮದ್ದುಂಟೆ? ಹೊತ್ತಿಗೆ ಸರಿಯಾಗಿ ಹೆಡತಲೆಯ ನಮ್ಮ ಮಾವನವರು ರಿಟೈರಾಗಿ ಮನೆ ಕಟ್ಟಿಸಲು ಹೊರಟರು. ಅಳಿಯನೇ ಎಂಜಿನಿಯರ್ ಆಗಿರುವಾಗ ಬೇರೆಯವರೇಕೆ?

ದುಂಡು ಮನೆಯ ಪ್ಲಾನನ್ನು ಅವರ ಮುಂದೆ ಹರಡಿದೆ. ಅತ್ತೆ ಅದನ್ನು ನಾಲ್ಕೂ ಕಡೆಗೆ ತಿರುಗಿಸಿ ನೋಡಿದರು.

‘ದೇವರ ಮೂಲೆ ಎಲ್ಲಿ?’

‘ದೇವರು ಎಲ್ಲಾ ಕಡೆ ಇದ್ದಾನಲ್ಲ ಅತ್ತೆ.’

‘ಅವ್ನು ಇರ್ಲಿ. ನಾನು ದೀಪ ಎಲ್ಲಿ ಮಡಗ್ಲಿ?’

ಈಶಾನ್ಯವೇ ಇಲ್ಲದ ಮನೆಗೆ ಪಾಯ ತೆಗೆಯಲು ಮೇಸ್ತ್ರಿಯೂ ಒಪ್ಪಲಿಲ್ಲ. ‘ದುಂಡ್ ಗೋಡೆಗೆ ಬೀರು ಎಂಗ್ ನಿಲ್ಲುಸ್ತೀರಾ ಸಾ?’ ಎಂದ. ನಾನು ಗೋಡೆಯ ದಪ್ಪದ ಮೇಲೆ ಒಂದು ಭಾಷಣ ಬಿಗಿದೆ.

ಕೊನೆಗೆ ಮಾವ ಬಾಯಿಬಿಟ್ಟರು. ‘ಅಳಿಯಂದ್ರೇ, ನಮ್ಮವ್ವ ವರ್ಸ ವರ್ಸ ಮಣ್ಣು ಮೆತ್ತಿ ಮೆತ್ತಿ ಕೈ ಸವೆಸ್ಕೊಂಡ್ಳು. ಮಳೆ ಬಂದ್ರೆ ಗೋಡೆ ಕಾಯ್ಕೊಂಡು ಕೂತಿರ್ತಿದ್ವಿ. ಮಣ್ಣಿಂದ ಈಚೆ ಬರಾಕೆ ನಂಗೆ ಅರವತ್ತು ವರ್ಸ ಆಯ್ತು. ಒಂದ್ ಕಾಂಕ್ರೀಟ್ ಮೋಲ್ಡ್ ಮನೇಲಿ ನೆಂಟ್ರನ್ನ ಕೂರುಸ್ಬೇಕು ಅಂತ ಆಸೆ ಕಣ್ರೀ.’

ಆ ಮಾತಿಗೂ ನಾನು ಬಗ್ಗದೆ ಮುಖ ಊದಿಸಿಕೊಂಡೆ. ಅಳಿಯ ಮುನಿದರೆ ಮಗಳ ಗತಿಯೇನೆಂದು ಅವರೇ ರಾಜಿಗೆ ಬಂದರು. ಮನೆಗೆ ಮೋಲ್ಡ್, ಹಿತ್ತಲಲ್ಲಿ ಎಮ್ಮೆಗೆ ಆಫ್ರಿಕಾ. ಎಮ್ಮೆ ಮೂಲೆಯನ್ನೇನೂ ಕೇಳಲಿಲ್ಲ.

ಗೃಹಪ್ರವೇಶವಾದ ಮೇಲಿನ ಮೊದಲ ಬೇಸಿಗೆ. ಹಬ್ಬದೂಟಕ್ಕೆ ನೆಂಟರು ತುಂಬಿದ್ದರು, ಮನೆ ಕಾದ ಕಾವಲಿಯಾಗಿತ್ತು. ಊಟವಾದ ಮೇಲೆ ನೋಡಿದರೆ ಮಾವ ಕಾಣೆ. ಹುಡುಕಿಕೊಂಡು ಹಿತ್ತಲಿಗೆ ಹೋದರೆ, ಎಮ್ಮೆಯ ಪಕ್ಕ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ನನ್ನನ್ನು ಕಂಡು ಎದ್ದು ಕೂತು, ಪಂಚೆ ಸರಿಮಾಡಿಕೊಂಡು, ‘ಎಮ್ಮೆ ಒಂದೇ ಅದೆಯಲ್ಲ ಅಂತ ಬಂದೆ. ಯಾರ್ಗೂ ಏಳ್ಬೇಡಿ’ ಎಂದರು.

ಹೇಳದೆ ಇರಲು ನಾನೇನು ಋಷಿಯೆ? ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನೆಂಟರ ಮುಂದೆಲ್ಲ ನನ್ನ ಗೆಲುವನ್ನು ಸಾರಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು. ಆದರೆ ಆಮೇಲೆ ಅವರು ಒಂದು ದಿನವೂ ಹಿತ್ತಲಲ್ಲಿ ಮಲಗಲಿಲ್ಲ. ಬೇಸಿಗೆಯಿಡೀ ಮೋಲ್ಡಿನ ಕೆಳಗೆ ಒದ್ದೆ ಟವೆಲ್ ಹೊದ್ದುಕೊಂಡು ಬೇಯುತ್ತಿದ್ದರು. ಆ ಟವೆಲ್ ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಯುವಕ ಇನ್ನೂ ಚಿತ್ರದ ಗುಣಗಾನ ಮಾಡುತ್ತಲೇ ಇದ್ದ. ಹೇಳುತ್ತಿದ್ದದ್ದೆಲ್ಲ ಸರಿಯೇ. ನಾನು ಅವನ ತಂದೆಯ ಕಡೆ ತಿರುಗಿ, ‘ನಿಮಗೆ ಎಂಥ ಮನೆ ಬೇಕು ಯಜಮಾನ್ರೇ?’ ಎಂದೆ.

ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ‘ನನ್ನ ಯಾರೂ ಕೇಳೇ ಇರ್ಲಿಲ್ಲ ಸಾ’ ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.