ಹತ್ತನೇ ತರಗತಿ ಮುಗಿಯುವವರೆಗೆ ಎಂದಿದ್ದೆ

ಹನ್ನೊಂದು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಸಪೇಟೆಯಲ್ಲಿ ಮಕ್ಕಳ ವೈದ್ಯೆಯಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಜ್ವರ, ವಾಂತಿಭೇದಿ, ಸಂಡೂರು ಕಡೆಯಿಂದ ಬರುವ ಮಕ್ಕಳ ಧೂಳಿನ ಕೆಮ್ಮು, ಇವೇ ನನ್ನ ದಿನದ ಕೆಲಸ. ಒಂದು ಬೆಳಿಗ್ಗೆ ಕಂಪ್ಲಿ ತಾಲ್ಲೂಕಿನ ಮೆಟ್ರಿಯಿಂದ ಪಂಪಾಪತಿ, ಅವರ ಹೆಂಡತಿ ನೀಲಮ್ಮ ತಮ್ಮ ಒಬ್ಬಳೇ ಮಗಳನ್ನು ಕರೆತಂದರು. ಹೆಸರು ಸಹನಾ, ಒಂಬತ್ತು ವರ್ಷ. ಒಂದು ತಿಂಗಳಿಂದ ಹುಡುಗಿ ಬಡಕಲಾಗುತ್ತಿದ್ದಳು, ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ. ರಕ್ತದ ಸಕ್ಕರೆ ನೋಡಿದರೆ ೪೬೦.

ಟೈಪ್ ಒನ್ ಮಧುಮೇಹ. ಇದರಲ್ಲಿ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಮಾತ್ರೆಯಿಂದ ಆಗುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು, ಅದೂ ಜೀವನ ಪೂರ್ತಿ. ಮಗುವನ್ನು ನರ್ಸ್ ಜೊತೆ ಹೊರಗೆ ಕೂರಿಸಿ ಇದನ್ನು ತಂದೆತಾಯಿಗೆ ವಿವರಿಸಿದೆ. ಪಂಪಾಪತಿ ಗದ್ದೆ ಕೆಲಸದಲ್ಲಿ ಗಟ್ಟಿಯಾದ ಆಳು. ನನ್ನ ಮಾತು ಮುಗಿಯುವಷ್ಟರಲ್ಲಿ ಕುರ್ಚಿಯಿಂದ ಎದ್ದು ಕೈಮುಗಿದರು.

“ಜೀವನ ಪೂರ್ತಿ ಅಂತ ಆಕಿಗೆ ಹೇಳಬ್ಯಾಡ್ರಿ ಮೇಡಂ,” ಎಂದರು. “ಹತ್ತನೇತ್ತಿ ಮುಗಿಯೋತನ ಅಂತ ಹೇಳ್ರಿ ಸಾಕು. ಸಣ್ಣಾಕಿ, ಭಾಳ ಹೆದರತಾಳ.”

ನೀಲಮ್ಮ ತಲೆ ತಗ್ಗಿಸಿಕೊಂಡೇ, ಮುಂದೆ ಗೊತ್ತಾದರೆ ಮಗಳು ನಮ್ಮನ್ನು ನಂಬುತ್ತಾಳೇನು ಎಂದು ಕೇಳಿದರು. ಗಂಡ ನನ್ನ ಕಡೆ ನೋಡಿದರು. ಉತ್ತರಿಸಬೇಕಾದವಳು ನಾನು. ಹೊರಗೆ ಹದಿನೈದು ಮಂದಿ ಕಾಯುತ್ತಿದ್ದರು. ಸತ್ಯ ಹೇಳಿದರೆ ಅಳುವ ಮಗುವಿನ ಎದುರು ಅರ್ಧ ಗಂಟೆಯಾದರೂ ಕೂರಬೇಕು. ನಾನು ಸಹನಾಳನ್ನು ಒಳಗೆ ಕರೆದು, ಹತ್ತನೇ ತರಗತಿ ಮುಗಿಯುವವರೆಗೆ ಈ ಇಂಜೆಕ್ಷನ್ ತಗೊಂಡರೆ ಆಯಿತು ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ, ಇನ್ನು ಆರು ವರ್ಷ ಎಂದಳು. ಅಳಲಿಲ್ಲ.

ಆ ಆರು ವರ್ಷಗಳಲ್ಲಿ ಅವಳಂಥ ಶಿಸ್ತಿನ ರೋಗಿಯನ್ನು ನಾನು ಕಂಡಿಲ್ಲ. ಹತ್ತು ವರ್ಷಕ್ಕೇ ತಾನೇ ಇಂಜೆಕ್ಷನ್ ಚುಚ್ಚಿಕೊಳ್ಳಲು ಕಲಿತಳು. ಸಕ್ಕರೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ತಿಂಗಳೂ ತೋರಿಸುತ್ತಿದ್ದಳು. ಹೊರಡುವಾಗ ಇನ್ನು ಎಷ್ಟು ವರ್ಷ ಎಂದು ಕೇಳುವುದು ರೂಢಿಯಾಯಿತು. ನಾನೂ ನಕ್ಕು ಐದು, ನಾಲ್ಕು, ಮೂರು ಎನ್ನುತ್ತಿದ್ದೆ. ಎಂಟನೇ ತರಗತಿಗೆ ಬಂದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ದೊಡ್ಡವಳಾದಳು ಎಂದುಕೊಂಡು ಸುಮ್ಮನಾದೆ.

ಪರೀಕ್ಷೆ ಮುಗಿದ ವಾರ ಅಪ್ಪನ ಜೊತೆ ಬಂದಳು. ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, “ಹತ್ತನೇತ್ತಿ ಮುಗೀತ್ರಿ ಮೇಡಂ. ಇನ್ನ ಇಂಜೆಕ್ಷನ್ ಬಂದ್ ಮಾಡ್ಲಿ?” ಎಂದಳು.

ಪಂಪಾಪತಿ ನೆಲ ನೋಡುತ್ತಾ, ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ ಎಂದರು. ಅವಳು ಅಪ್ಪನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಎಂದೆ.

ಅವಳಿಗೆ ಎಲ್ಲ ಗೊತ್ತಿತ್ತು. ಎಂಟನೇ ತರಗತಿಯಲ್ಲಿದ್ದಾಗಲೇ ಮೊಬೈಲಿನಲ್ಲಿ ಕಾಯಿಲೆಯ ಹೆಸರು ಹುಡುಕಿ ಓದಿಕೊಂಡಿದ್ದಳು. ನಾವಾಗಿ ಯಾವಾಗ ಹೇಳುತ್ತೇವೆ ಎಂದು ಎರಡು ವರ್ಷ ಕಾದಿದ್ದಳು. ಇದು ನನಗೆ ತಿಳಿದದ್ದು ನಂತರ.

ಆಮೇಲಿನ ಎರಡು ತಿಂಗಳು ಅವಳ ಪುಸ್ತಕದಲ್ಲಿ ಅಂಕಿಗಳು ಬಲು ಚೆನ್ನಾಗಿದ್ದವು: ೧೧೨, ೧೨೦, ೧೧೮. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆಯೊಂದಿದೆ, ಅದನ್ನು ಮಾಡಿಸಿದ್ದರೆ ಸಾಕಿತ್ತು. ಇಷ್ಟು ಒಳ್ಳೆಯ ಅಂಕಿಗಳಿರುವಾಗ ಯಾಕೆಂದು ಮುಂದಕ್ಕೆ ಹಾಕಿದೆ. ಅವಳ ತೂಕ ಮೂರು ಕೆಜಿ ಇಳಿದದ್ದನ್ನು ಬರೆದುಕೊಂಡೆ, ಅದರ ಬಗ್ಗೆ ಯೋಚಿಸಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಪಂಪಾಪತಿ ಮಗಳನ್ನು ಎತ್ತಿಕೊಂಡೇ ಒಳಗೆ ಬಂದರು. ಸಹನಾ ಏದುಸಿರು ಬಿಡುತ್ತಿದ್ದಳು, ಉಸಿರಲ್ಲಿ ಕೊಳೆತ ಹಣ್ಣಿನ ವಾಸನೆ. ಇನ್ಸುಲಿನ್ ಇಲ್ಲದೆ ರಕ್ತ ಆಮ್ಲವಾಗುವ ಸ್ಥಿತಿ ಇದು, ಕೀಟೋಅಸಿಡೋಸಿಸ್ ಎನ್ನುತ್ತೇವೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಸಲೈನ್ ಹಚ್ಚಿ, ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ನಾನೂ ಹೋದೆ. ದಾರಿಯುದ್ದಕ್ಕೂ ನೀಲಮ್ಮ ಮಗಳ ಪಾದ ಉಜ್ಜುತ್ತಿದ್ದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಅವಳು ಎದ್ದು ಕುಳಿತಳು. ಎರಡು ತಿಂಗಳಿಂದ ಅರ್ಧಕ್ಕರ್ಧ ಇಂಜೆಕ್ಷನ್ ಬಿಟ್ಟಿದ್ದಳು, ಕೊನೆಯ ಎರಡು ದಿನ ಪೂರ್ತಿ. ಪುಸ್ತಕದ ಅಂಕಿಗಳು ಮನಸ್ಸಿಗೆ ಬಂದಂತೆ ಬರೆದಂಥವು. ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳಿದಾಗ ಮೆಲ್ಲಗೆ ಹೇಳಿದಳು:

“ನೀವು ಹೇಳಿದ್ದು ನಾ ನಾಲ್ಕು ವರ್ಷ ನಂಬೀನ್ರಿ. ನಾ ಬರೆದಿದ್ದು ನೀವು ಎರಡು ತಿಂಗಳು ನಂಬಿದ್ರಿ.”

ಪಂಪಾಪತಿ ಅಲ್ಲೇ ನಿಂತಿದ್ದರು. ಮಂಚದ ಪಕ್ಕ ಕುಳಿತು, ತಪ್ಪು ನಂದವ್ವ, ಮೇಡಂ ಕಡೆ ಹಂಗ ಹೇಳಿಸಿದಾವ ನಾನ, ಎಂದು ಅತ್ತರು. ನಾನೂ ಕ್ಷಮೆ ಕೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು.

ಸಹನಾ ಮತ್ತೆ ನನ್ನ ಕ್ಲಿನಿಕ್ಕಿಗೆ ಬರಲಿಲ್ಲ. ಬೇರೆ ವೈದ್ಯರ ಹತ್ತಿರ ತೋರಿಸಿಕೊಂಡು ಆರೋಗ್ಯವಾಗಿದ್ದಾಳೆ, ಹೊಸಪೇಟೆಯಲ್ಲೇ ಡಿಗ್ರಿ ಓದುತ್ತಿದ್ದಾಳೆ. ಆಮೇಲೆ ನಾನು ಯಾವ ಮಗುವಿಗೂ ವರ್ಷದ ಗಡುವು ಕೊಟ್ಟಿಲ್ಲ. ಮೊದಲ ವಾರವೇ ತಂದೆತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮಕ್ಕಳು ಅಳುತ್ತಾರೆ. ಅಳು ನಿಲ್ಲುವವರೆಗೆ ಜೊತೆಗೆ ಕೂರುವುದೂ ವೈದ್ಯರ ಕೆಲಸ ಎಂಬುದನ್ನು ಒಬ್ಬ ಹುಡುಗಿಯ ಜೀವ ಪಣಕ್ಕಿಟ್ಟು ಕಲಿತೆ.

ಕಳೆದ ವರ್ಷ ಪಂಪಾಪತಿ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರು. ಮಗಳು ನಿಮ್ಮ ಜೊತೆ ಮಾತಾಡುತ್ತಾಳೆಯೇ ಎಂದು ಕೇಳಿದೆ.

“ಚೊಲೋ ಮಾತಾಡತಾಳ್ರಿ,” ಎಂದರು. “ನಾ ಏನರ ಹೇಳಿದ್ರ ಹೂಂ ಅಪ್ಪ ಅಂತಾಳ. ಆಮ್ಯಾಲೆ ಅಡಗಿಮನಿಗೆ ಹೋಗಿ ಅವರವ್ವನ್ನ ಕೇಳತಾಳ, ಅಪ್ಪ ಹೇಳಿದ್ದು ಖರೇನಾ ಅಂತ.”