ರಕ್ತಕ್ಕೆ ಹತ್ತಿದ ತುಪ್ಪ

ನಿಜಾಮರ ಆಳ್ವಿಕೆ ಹೋಗಿ ಒಂದೆರಡು ವರ್ಷವಾಗಿತ್ತು. ಮಸ್ಕಿಯಲ್ಲಿ ನಮ್ಮ ದೊಡ್ಡಪ್ಪ ಹೊಟ್ಟೆಯ ಕ್ಯಾನ್ಸರಿನಿಂದ ಸೊರಗುತ್ತಿದ್ದ. ಗರಡಿಯಲ್ಲಿ ಬೆಳೆಸಿದ ತೋಳುಗಳು ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದವು. ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ. ಆಗ ಅವನು ಅಂಗಿ ತೊಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಖಚಿತವಾಗಿ ನೆನಪಿರುವುದು ತುಪ್ಪ.

ದೊಡ್ಡವ್ವ ಸರಿಯಾಗಿ ಉಣ್ಣಲು ಹಾಕದೆ ಗಂಡನನ್ನು ಒಣಗಿಸಿದ್ದಾಳೆ ಎಂಬುದು ಬಳಗದ ತೀರ್ಮಾನ. ಆದ್ದರಿಂದ ಸಿಂಧನೂರು, ಬಳಗಾನೂರಿನಿಂದ ಬಂದವರೆಲ್ಲ ತುಪ್ಪದ ಗಿಂಡಿ ಹಿಡಿದೇ ಬರುತ್ತಿದ್ದರು. ಕೊಟ್ಟು ಹೋದರೆ ಸಾಲದು. ರೋಗಿ ಒಂದು ಬಟ್ಟಲು ಕುಡಿಯುವುದನ್ನು ಕಣ್ಣಾರೆ ನೋಡಿಯೇ ಬಸ್ಸು ಹತ್ತಬೇಕು. ದೊಡ್ಡಪ್ಪ ಕುಡಿಯುತ್ತಿದ್ದ, ಅವರು ಹೊರಟ ಮೇಲೆ ಕಾರಿಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದು ತಿಳಿ ಮಜ್ಜಿಗೆ. ಅದನ್ನು ಕೊಟ್ಟರೆ ದೊಡ್ಡವ್ವನ ಮರ್ಯಾದೆ ಹೋಗುತ್ತಿತ್ತು.

ಲಿಂಗಸುಗೂರಿನ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ದೊಡ್ಡವ್ವ ಬಂದಳು; ದೊಡ್ಡಪ್ಪನ ತಂಗಿ, ಸಿಂಧನೂರಿನ ಸೋದರತ್ತೆಯೂ ಬಂದಳು. ಡಾಕ್ಟರು ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ನಿಲ್ಲಿಸಿಟ್ಟರು. ಸ್ವಲ್ಪ ಹೊತ್ತಿಗೆ ಕೆಂಪು ಕೆಳಗಿಳಿಯಿತು. ಮೇಲೆ ನಿಂತ ನೀರು ಹಾಲಿನಂತೆ ಬೆಳ್ಳಗಿತ್ತು.

“ಇದು ಕೊಬ್ಬು. ನೀವು ಕುಡಿಸಿದ್ದು ರಕ್ತದಾಗ ತೇಲಾಕತ್ತೈತಿ, ತೋಳಿಗೆ ಹತ್ತಂಗಿಲ್ಲ. ಈ ರೋಗದಾಗ ಮೈ ತನ್ನ ಮಾಂಸ ತಾನ ಕರಗಿಸ್ತೈತಿ. ಅವರು ಬೇಡಿದ್ದು ಕೊಡ್ರಿ, ಒತ್ತಾಯ ಬ್ಯಾಡ.”

ಅವರು ಹೇಳಿದ್ದು ಉರ್ದುವಿನಲ್ಲಿಯೂ ಇರಬಹುದು. ಸೋದರತ್ತೆಗೆ ಮಾತ್ರ ಯಾವ ಭಾಷೆಯೂ ಅಡ್ಡಬರಲಿಲ್ಲ.

“ನೋಡಿದೇನಬೇ ಅತ್ತಿಗಿ? ತುಪ್ಪ ರಕ್ತಕ್ಕ ಹತ್ತೈತಿ. ಇನ್ನ ತೋಳಿಗೆ ಇಳಿಯೋದಷ್ಟ ಬಾಕಿ.”

ಈ ಶುಭವಾರ್ತೆ ಊರೂರು ತಿರುಗಿತು. ಗಿಂಡಿಗಳು ದೊಡ್ಡವಾದವು. ಮುದಗಲ್ಲಿನವರು ಬೆಣ್ಣೆಯನ್ನೇ ತಂದರು.

“ಮಜ್ಜಿಗಿ ಕೊಡು,” ಎಂದ ದೊಡ್ಡಪ್ಪ ಒಂದು ದಿನ ಹೆಂಡತಿಗೆ.

“ಕೊಟ್ರ ನನ್ನ ಏನಂದಾರು?”

“ಕೊಡದಿದ್ರೂ ಅಂತಾರಲ್ಲ.”

ಮುಂದಿನ ಸಲ ಸೋದರತ್ತೆ ತನ್ನವರೊಂದಿಗೆ ಬಂದಾಗ ದೊಡ್ಡವ್ವ ಎಲ್ಲರನ್ನೂ ಊಟಕ್ಕೆ ಕೂರಿಸಿ, ಅವರು ತಂದ ತುಪ್ಪವನ್ನು ಅವರ ತಾಟಿಗೇ ಸುರಿದಳು. ಮತ್ತೆ ಸುರಿದಳು.

“ಸಾಕಬೇ, ಗಂಟಲದಾಗ ಇಳಿವಲ್ದು,” ಎಂದಳು ಸೋದರತ್ತೆ.

“ನೀ ಗಟ್ಟಿಮುಟ್ಟ ಅದಿ, ನಿನಗೇ ಇಳಿವಲ್ದು. ಉಣ್ಣು. ನಾ ನೋಡಾಕತ್ತೀನಿ.”

ಅಂದಿನಿಂದ ದೊಡ್ಡಪ್ಪನಿಗೆ ಮಜ್ಜಿಗೆ ಸಿಕ್ಕಿತು. ಮೊದಲ ಬಟ್ಟಲು ಕುಡಿದು ಅವನು ನಕ್ಕ ಎಂದು ಬರೆಯಲು ಕೈ ಹೋಗುತ್ತಿದೆ. ನಗಲಿಲ್ಲ. ಕಾರಿಕೊಳ್ಳಲೂ ಇಲ್ಲ.

ಮಳೆಗಾಲಕ್ಕೆ ಮುಂಚೆಯೇ ಹೋದ. ಹೆಂಡತಿ ತುಪ್ಪ ನಿಲ್ಲಿಸಿದ್ದಕ್ಕೇ ಹೋದ ಎಂದು ಬಳಗ ಹೇಳಿತು.